ಬಾಸ್ಕೆಟ್‌ಬಾಲ್: ನಮ್ಮ ತಾಲ್ಲೂಕುಗಳ ಹುಡುಗಿಯರಿಗೂ ಅಂಕಣ ಬೇಕು



ಏಷ್ಯಾ ಮಹಿಳಾ ಬಾಸ್ಕೆಟ್‌ಬಾಲ್ ಕಪ್ 2017ರಲ್ಲಿ ಬೆಂಗಳೂರಿನಲ್ಲೇ ನಡೆದಿತ್ತು. ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿದರು. ಎರಡೇ ಅಂಕಗಳ ಆ ಗೆಲುವು ಎಷ್ಟು ದೊಡ್ಡದೆಂಬುದು ಆಟ ಬಲ್ಲವರಿಗೆ ಗೊತ್ತು. ಕ್ರಿಕೆಟ್‌ನಲ್ಲಿ ಇಂಥದ್ದು ಆಗಿದ್ದರೆ ಊರೂರಲ್ಲಿ ಪಟಾಕಿ ಸಿಡಿಯುತ್ತಿತ್ತು.

ಇದೇ ಕಪ್ 2019ರಲ್ಲಿ ಮತ್ತೆ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದು, ‘ಎ’ ವಿಭಾಗದಲ್ಲಿ ಜಪಾನ್, ಕೊರಿಯಾದಂಥ ತಂಡಗಳು ಎದುರಾದಾಗ ನಮಗೆ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಎಂಟು ತಂಡಗಳಲ್ಲಿ ಎಂಟನೇ ಸ್ಥಾನ. ಚೀನಾವನ್ನು 71–68ರಿಂದ ಮಣಿಸಿ ಕಪ್ ಗೆದ್ದ ಜಪಾನ್, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ ಪಡೆಯಿತು. ಎತ್ತರದಲ್ಲಿ ಎದುರಾಳಿಗಳಿಗಿಂತ ಕಡಿಮೆಯಿದ್ದರೂ ಆ ತಂಡ ವೇಗ ಮತ್ತು ದೂರದ ಎಸೆತಗಳಿಂದಲೇ ಗೆದ್ದಿತು. ‘ನಮ್ಮ ಹುಡುಗಿಯರು ಗಿಡ್ಡ, ಈ ಆಟ ಆಗದು’ ಎನ್ನುವವರು ಇದನ್ನು ಗಮನಿಸಬೇಕು.

ಬಾದಾಮಿ, ಹುನಗುಂದ, ಇಳಕಲ್ ಭಾಗದ ಹುಡುಗಿಯರು ಕೊಕ್ಕೊ, ಕಬಡ್ಡಿಯಲ್ಲಿ ಓಡುವ ಚುರುಕು ನೋಡಿದವರಿಗೆ ಅವರ ಕಸುವಿನ ಬಗ್ಗೆ ಸಂಶಯ ಬಾರದು. ಆದರೆ ಶಾಲೆಯ ಮಣ್ಣಿನ ಮೈದಾನದಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಬೇಕಿರುವುದು 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ, ಹತ್ತು ಅಡಿ ಎತ್ತರದಲ್ಲಿ ಎರಡು ಬಳೆ, ಆಟ ಬಲ್ಲ ಒಬ್ಬ ತರಬೇತುದಾರರು. ಬೆಂಗಳೂರಿನ ಒಳಾಂಗಣಕ್ಕೆ ಹೋಲಿಸಿದರೆ ಇದು ಅಲ್ಪ ಖರ್ಚು. ಕ್ರೀಡಾ ಇಲಾಖೆ ಮತ್ತು ನಮ್ಮ ಶಾಸಕರು ತಾಲ್ಲೂಕಿಗೊಂದು ಅಂಕಣವನ್ನಾದರೂ ಬಾಲಕಿಯರ ಪ್ರೌಢಶಾಲೆಗಳ ಸಮೀಪದಲ್ಲಿ ಬರುವ ಶೈಕ್ಷಣಿಕ ವರ್ಷದೊಳಗೆ ಮಾಡಿಸಿಕೊಡಲಿ.

– ಒಬ್ಬ ಪಾಲಕ, ಬಾದಾಮಿ