ಬೆದರಿಕೆಯ ಪತ್ರವೂ ಅಚೌರ್ಯವ್ರತವೂ

ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ನನಗೆ ಪರಿಚಿತವಾದ ಒಂದು ಬಸದಿಯ ವಿಶ್ವಸ್ಥ ಮಂಡಳಿಗೆ ಇ-ಮೇಲ್ ಮೂಲಕ ಒಂದು ನೋಟೀಸು ಬಂದಿತು. ಅಭಿಷೇಕದ ದೃಶ್ಯಾವಳಿಯನ್ನು ತಾವು ಅಂತರಜಾಲದಲ್ಲಿ ಪ್ರಕಟಿಸಿದ್ದೀರಿ, ಅದರಲ್ಲಿ ಕೇಳಿಬರುವ ಸ್ತೋತ್ರದ ಕೃತಿಸ್ವಾಮ್ಯ ನಮ್ಮ ಸಂಸ್ಥೆಯದು, 48 ಗಂಟೆಗಳೊಳಗೆ 18,000 ರೂಪಾಯಿ ಸಂಧಾನ ಶುಲ್ಕ ಪಾವತಿಸದಿದ್ದರೆ ಮೊಕದ್ದಮೆ ಹೂಡಿ ಟ್ರಸ್ಟಿನ ಹೆಸರನ್ನು ಪತ್ರಿಕೆಗಳಿಗೆ ಕೊಡಲಾಗುವುದು ಎಂಬುದು ಅದರ ಸಾರ. ಖಜಾಂಚಿಯವರು ಅಂದು ಸಂಜೆಯೇ ಹಣ ಕಳುಹಿಸಿದರು. ಹಾಡಿದವರು ಅದೇ ಊರಿನ ನಮ್ಮ ಶ್ರಾವಿಕೆಯರು. ಹಾಡಿದ್ದು ಭಕ್ತಾಮರ ಸ್ತೋತ್ರ. ಮಾನತುಂಗಾಚಾರ್ಯರ ಆ ಕೃತಿಗೆ ಇಂದು ಯಾವ ಕಂಪನಿಯೂ ಒಡೆಯನಲ್ಲ. ನೋಟೀಸು ಕಳಿಸಿದ ಸಂಸ್ಥೆ ಇಲ್ಲವೇ ಇಲ್ಲ ಎಂಬುದು ವಾರದ ನಂತರ ತಿಳಿಯಿತು.

ಖಜಾಂಚಿಯವರ ಆತುರವನ್ನು ನಾನು ಆಕ್ಷೇಪಿಸುವುದಿಲ್ಲ. ವಯಸ್ಸಾದವರು, ಹೆದರಿದರು. ನನ್ನ ಆಕ್ಷೇಪವಿರುವುದು ಅನಂತರದ ಸಭೆಯಲ್ಲಿ ಹಿರಿಯರೊಬ್ಬರು ಆಡಿದ, ಉಳಿದವರು ತಲೆದೂಗಿದ ಒಂದು ಮಾತಿಗೆ: "ಹದಿನೆಂಟು ಸಾವಿರ ಹೋದರೆ ಹೋಯಿತು, ಮಾನ ಉಳಿಯಿತಲ್ಲ." ಈ ಲೇಖನ ಆ ಮಾತಿನ ವಿರುದ್ಧವಾಗಿದೆ.

ಮೊದಲಿಗೆ ಒಂದು ಸಂಶಯವನ್ನು ನಿವಾರಿಸಿಬಿಡುತ್ತೇನೆ. ಅನ್ಯರ ಕೃತಿಯನ್ನು ಅನುಮತಿಯಿಲ್ಲದೆ ಬಳಸುವುದು ಸರಿಯೆಂದು ನಾನು ವಾದಿಸುತ್ತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನೆಪವಾಗಿಟ್ಟುಕೊಂಡು, ಬದುಕಿರುವ ವಿದ್ವಾಂಸನ ಪುಸ್ತಕವನ್ನು ಕೇಳದೆ ಅಚ್ಚು ಹಾಕಿಸಿ ಉತ್ಸವದಲ್ಲಿ ಹಂಚುವವರು ನಮ್ಮಲ್ಲಿದ್ದಾರೆ. ಆ ಮಹಾಸಾಧ್ವಿಯ ಕಾಲದಲ್ಲಿ ಪ್ರತಿ ಮಾಡಿಸದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ಇಂದು ನಮ್ಮ ದೇಶದ 1957ರ ಕಾಯಿದೆ ಗ್ರಂಥಕರ್ತನ ಆಯುಷ್ಯ ಮತ್ತು ಆತನ ಮರಣಾನಂತರದ 60 ವರ್ಷಗಳವರೆಗೆ ಸ್ವಾಮ್ಯವನ್ನು ರಕ್ಷಿಸುತ್ತದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೇ. ಶಾಸ್ತ್ರದಾನವೆಂಬ ಹೆಸರಿಟ್ಟರೂ ಅದು ಬದಲಾಗದು. ಇಷ್ಟು ಹೇಳಿ ಮುಂದೆ ಸಾಗುತ್ತೇನೆ. ಏಕೆಂದರೆ ಇಂದು ನನ್ನ ಪ್ರಶ್ನೆ ಕಳ್ಳನನ್ನು ಕುರಿತದ್ದಲ್ಲ, ಕಾವಲುಗಾರನನ್ನು ಕುರಿತದ್ದು.

ಸ್ವಾಮ್ಯದ ಕಾವಲನ್ನು ನ್ಯಾಯಾಲಯದ ಕೈಯಿಂದ ಖಾಸಗಿಯವರ ಕೈಗೆ ದಾಟಿಸಿದ್ದು ಮುಖ್ಯವಾಗಿ ಅಮೆರಿಕದ 1998ರ ಕಾಯಿದೆ. ಸ್ವಾಮ್ಯ ತನ್ನದೆನ್ನುವವನು ದೂರು ಕೊಟ್ಟರೆ ಜಾಲತಾಣದವರು ಮೊದಲು ತೆಗೆದುಹಾಕಬೇಕು, ವಿಚಾರಣೆ ಆಮೇಲೆ. 2007ರಿಂದ ಯೂಟ್ಯೂಬ್ ಸಂಸ್ಥೆ ಈ ಕೆಲಸಕ್ಕೆ ಯಂತ್ರವನ್ನೇ ನೇಮಿಸಿತು. ಯಂತ್ರವು ಧ್ವನಿಯನ್ನು ಹೋಲಿಸಿ ನೋಡಬಲ್ಲುದೇ ಹೊರತು, ಸ್ತೋತ್ರ ಯಾರದೂ ಅಲ್ಲ ಆದರೆ ಒಬ್ಬ ಗಾಯಕನ ಧ್ವನಿಮುದ್ರಿಕೆ ಅದನ್ನು ಹೊರತಂದವನದು ಎಂಬ ಸೂಕ್ಷ್ಮವನ್ನು ವಿವೇಚಿಸಲಾರದು. ಶ್ರದ್ಧೆಯಿಂದ ನಡೆಯುವ ಧಾರ್ಮಿಕ ವಿಧಿಯಲ್ಲಿ ಕೃತಿಯೊಂದನ್ನು ಹಾಡುವುದು ಉಲ್ಲಂಘನೆಯಲ್ಲ ಎಂದು ನಮ್ಮ ಕಾಯಿದೆಯ 52ನೆಯ ಕಲಮು ಹೇಳುತ್ತದೆಂಬುದು ಅದಕ್ಕೆ ತಿಳಿಯದು. ಇತ್ತ 90 ದಿನಗಳಲ್ಲಿ ಮೂರು ದೂರುಗಳು ನಿಂತರೆ ಆ ತಾಣದಲ್ಲಿ ನಮ್ಮ ಖಾತೆಯೇ ಮುಚ್ಚಿಹೋಗಬಹುದು. ಈ ಭಯವನ್ನೇ ಬಂಡವಾಳ ಮಾಡಿಕೊಂಡು ಸುಳ್ಳು ದೂರು ಕೊಟ್ಟು, ದೂರು ಹಿಂತೆಗೆಯಲು ಹಣ ಕೇಳಿದನೆಂದು ಒಬ್ಬಾತನ ಮೇಲೆ 2019ರಲ್ಲಿ ಆ ಸಂಸ್ಥೆಯೇ ಅಮೆರಿಕದ ನೆಬ್ರಾಸ್ಕದಲ್ಲಿ ದಾವೆ ಹೂಡಬೇಕಾಯಿತು. ತಕ್ಕಡಿ ಹಿಡಿದವನ ಕೈಗೇ ಮುದ್ರೆ ಹಾಕುವ ಅಧಿಕಾರವನ್ನೂ ಕೊಟ್ಟರೆ ಪೇಟೆಯಲ್ಲಿ ಏನಾಗುತ್ತದೆಂದು ವ್ಯಾಪಾರಸ್ಥರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಇವೆಲ್ಲ ಸಣ್ಣಪುಟ್ಟ ದೃಷ್ಟಾಂತಗಳು. ಈ ವ್ಯವಸ್ಥೆ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ತಿಳಿಯಬೇಕಾದರೆ ಅಮೆರಿಕದ ಇಬ್ಬರು ವಕೀಲರ ವೃತ್ತಾಂತವನ್ನು ಗಮನಿಸಬೇಕು. ಜಾನ್ ಸ್ಟೀಲ್ ಮತ್ತು ಪಾಲ್ ಹ್ಯಾನ್ಸ್‌ಮಯರ್ ಎಂಬ ಇವರು ಪ್ರೆಂಡಾ ಲಾ ಎಂಬ ಹೆಸರಿನಲ್ಲಿ ವ್ಯವಹರಿಸಿದವರು. ಅಶ್ಲೀಲ ಚಲನಚಿತ್ರಗಳ ಸ್ವಾಮ್ಯವನ್ನು ಹೆಸರಿಗಷ್ಟೇ ಇದ್ದ ಕಂಪನಿಗಳ ಮೂಲಕ ಪಡೆದರು. ಕೆಲವನ್ನು ತಾವೇ ಚಿತ್ರಿಸಿದರು. ಅನಂತರ ಅವನ್ನು ಉಚಿತವಾಗಿ ಇಳಿಸಿಕೊಳ್ಳಬಹುದಾದ ತಾಣಗಳಲ್ಲಿ ತಾವೇ ಇರಿಸಿದರು. ಯಾರು ಇಳಿಸಿಕೊಳ್ಳುತ್ತಾರೆಂದು ಹೊಂಚು ಹಾಕಿ, ಆ ಸಂಪರ್ಕಗಳ ಐಪಿ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಸಂಪರ್ಕ ಒದಗಿಸುವ ಕಂಪನಿಗಳು ಚಂದಾದಾರರ ಹೆಸರು ವಿಳಾಸ ಕೊಡುವಂತೆ ನ್ಯಾಯಾಲಯದಿಂದ ಆಜ್ಞೆ ಪಡೆದರು. ಚಿತ್ರವನ್ನು ಅಲ್ಲಿಟ್ಟವರು ತಾವೇ ಎಂಬುದನ್ನು ಮಾತ್ರ ನ್ಯಾಯಾಧೀಶರಿಗೆ ಹೇಳಲಿಲ್ಲ.

ಬಳಿಕ ಪತ್ರ, ದೂರವಾಣಿ. ಉದ್ದೇಶಪೂರ್ವಕ ಉಲ್ಲಂಘನೆಗೆ ಅಲ್ಲಿನ ಕಾಯಿದೆಯಂತೆ ಒಂದು ಕೃತಿಗೆ 1,50,000 ಡಾಲರುಗಳವರೆಗೆ ಪರಿಹಾರ ವಿಧಿಸಬಹುದು. ಮೇಲಾಗಿ ಇಂಥ ಚಿತ್ರವನ್ನು ನೋಡಿದವರೆಂದು ತಮ್ಮ ಹೆಸರು ಮೊಕದ್ದಮೆಯ ಕಾಗದಗಳಲ್ಲಿ ಬಹಿರಂಗವಾಗುತ್ತದೆ. ಸುಮಾರು 3,000 ಡಾಲರು ಕೊಟ್ಟರೆ ಇಲ್ಲಿಗೇ ಮುಗಿಸುತ್ತೇವೆ. ವಕೀಲನನ್ನು ಇಟ್ಟು ವಾದಿಸುವ ಖರ್ಚು ಅದಕ್ಕಿಂತ ಹೆಚ್ಚು. ಆದ್ದರಿಂದ ನೋಡಿದವರೂ ಕೊಟ್ಟರು, ನೋಡದವರೂ ಕೊಟ್ಟರು. ಹೀಗೆ ಸಂಗ್ರಹವಾದದ್ದು ದಶಲಕ್ಷಗಟ್ಟಲೆ ಡಾಲರು. 2013ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಧೀಶ ಓಟಿಸ್ ರೈಟ್ ಅವರು ಈ ಜಾಲವನ್ನು ಬಯಲಿಗೆಳೆದರು. ಸ್ಟೀಲನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಬಡಪಾಯಿಯ ಹೆಸರನ್ನು ಕದ್ದು, ದಸ್ತಾವೇಜಿನಲ್ಲಿ ಆತನ ಸಹಿಯನ್ನೇ ನಕಲು ಮಾಡಿದ್ದರೆಂದು ಆ ಆದೇಶದಲ್ಲಿದೆ. 2019ರಲ್ಲಿ ಹ್ಯಾನ್ಸ್‌ಮಯರನಿಗೆ 14 ವರ್ಷ, ಸ್ಟೀಲನಿಗೆ 5 ವರ್ಷ ಸೆರೆವಾಸದ ಶಿಕ್ಷೆಯಾಯಿತು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ಸ್ವಾಧ್ಯಾಯದಲ್ಲಿ ಅದನ್ನು ಓದುವಾಗಲೆಲ್ಲ ಅದು ಹಳೆಯ ಕಾಲದ ಸಂತೆಪೇಟೆಗೆ ಸಂಬಂಧಿಸಿದ್ದೆಂದು ನಾನೂ ಭಾವಿಸುತ್ತಿದ್ದೆ. ಈ ವಕೀಲರ ಕಥೆಯನ್ನು ಓದಿದ ಮೇಲೆ ಹಾಗೆ ಭಾವಿಸಲಾರೆ. ಅಚೌರ್ಯದ ಮೊದಲ ಅತಿಚಾರ ಸ್ತೇನಪ್ರಯೋಗ, ಅಂದರೆ ಕಳವಿಗೆ ಪ್ರೇರಣೆ. ತಾನೇ ಪ್ರೇರಿಸುವುದು, ಅನ್ಯರಿಂದ ಪ್ರೇರಿಸುವುದು, ಪ್ರೇರಿತವಾದುದನ್ನು ಅನುಮೋದಿಸುವುದು ಎಂದು ಪೂಜ್ಯಪಾದರು ಅದನ್ನು ಮೂರು ಬಗೆಯಾಗಿ ವಿವರಿಸುತ್ತಾರೆ. ಅಂಗಡಿಯ ಬಾಗಿಲು ತೆರೆದಿಟ್ಟು ಮೂಲೆಯಲ್ಲಿ ಅಡಗಿ ಕುಳಿತು, ಒಳಹೊಕ್ಕವನ ಕೈ ಹಿಡಿದು ದುಡ್ಡು ಕೇಳುವವನು ಮಾಲಿನ ಒಡೆಯನಾದರೂ ಸ್ತೇನಪ್ರಯೋಗದ ದೋಷಿಯೇ. ಅಲ್ಲಿಂದ ಸತ್ಯಾಣುವ್ರತಕ್ಕೆ ಬನ್ನಿ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವ ರಹೋಭ್ಯಾಖ್ಯಾನ ಅಲ್ಲಿದೆ. ಇಲ್ಲದ ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯೂ ಅಲ್ಲಿದೆ. ಗಮನಿಸಬೇಕಾದದ್ದು ಇದು: ರಹೋಭ್ಯಾಖ್ಯಾನದಲ್ಲಿ ಹೊರಗೆಡಹಿದ ಸಂಗತಿ ನಿಜವಾಗಿದ್ದರೂ ದೋಷವೇ. ನಮ್ಮ ಆಚಾರ್ಯರು ಪರರ ಏಕಾಂತವನ್ನು ಸುಳ್ಳಿನಿಂದ ಮಾತ್ರವಲ್ಲ, ನಿಜದಿಂದಲೂ ರಕ್ಷಿಸಿದರು.

"ತಪ್ಪು ಮಾಡದವನಿಗೆ ಏಕೆ ಭಯ?" ಎಂಬುದು ಇನ್ನೊಂದು ಜಾಣತನದ ಮಾತು. ಐಪಿ ಸಂಖ್ಯೆ ತೋರಿಸುವುದು ಒಂದು ಸಂಪರ್ಕವನ್ನು, ಒಬ್ಬ ಮನುಷ್ಯನನ್ನಲ್ಲ. ನಮ್ಮ ಅವಿಭಕ್ತ ಕುಟುಂಬದ ಮನೆಯಲ್ಲಿ ಒಂದೇ ವೈಫೈ. ಮೊಮ್ಮಕ್ಕಳು, ಅತಿಥಿಗಳು, ಕೆಳಗಿನ ಅಂಗಡಿಯ ಹುಡುಗರು ಎಲ್ಲರೂ ಅದನ್ನೇ ಬಳಸುತ್ತಾರೆ. ಬಿಲ್ಲು ಮಾತ್ರ ಅಜ್ಜನ ಹೆಸರಿನಲ್ಲಿ. ನೋಟೀಸು ಬಂದರೆ ಬರುವುದು ಪ್ರತಿದಿನ ಸಾಮಾಯಿಕ ಮಾಡುವ ಆ ಅಜ್ಜನಿಗೆ. ತಪ್ಪು ಮಾಡದವನೇ ಹೆಚ್ಚು ಹೆದರುತ್ತಾನೆಂಬುದು ವಂಚಕರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಕಳೆದುಕೊಳ್ಳಲು ಮಾನವಿರುವುದು ಅವನಿಗೇ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಸಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಅವರೇನು ತಪ್ಪು ಮಾಡಿ ಬಚ್ಚಿಡುತ್ತಿದ್ದರೇ?

ಇನ್ನು ನಮ್ಮ ಟ್ರಸ್ಟುಗಳ ವಿಷಯ. ಇದನ್ನು ಬರೆಯುವಾಗ ಕೆಲವರಿಗೆ ಬೇಸರವಾದೀತೆಂದು ಬಲ್ಲೆ. ಬಸದಿಯ ಜೀರ್ಣೋದ್ಧಾರಕ್ಕೆ ದಾನ ಕೊಟ್ಟವರ ಹೆಸರು, ಊರು, ಮೊತ್ತವನ್ನು ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ನಮ್ಮಲ್ಲಿ ಶಾಸನಗಳ ಕಾಲದಿಂದ ಇದೆ, ಅದರಲ್ಲಿ ದೋಷವಿಲ್ಲ. ಆದರೆ ಶಾಸನದಲ್ಲಿ ಮೊಬೈಲ್ ಸಂಖ್ಯೆ ಇರುತ್ತಿರಲಿಲ್ಲ. ಆದಾಯ ತೆರಿಗೆಯ ರಿಯಾಯಿತಿಗೆಂದು ದಾನಿಗಳು ಕೊಟ್ಟ ಪ್ಯಾನ್ ಸಂಖ್ಯೆ, ವಿಳಾಸ, ದೂರವಾಣಿ ಇವುಗಳ ಪೂರ್ತಿ ಪಟ್ಟಿಯನ್ನು ನಾನೂರು ಜನರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರು ಎಷ್ಟು ಕೊಡಬಲ್ಲರು, ಎಲ್ಲಿದ್ದಾರೆ, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ವಂಚಕನಿಗೆ ಇದಕ್ಕಿಂತ ಅಂದವಾಗಿ ಯಾರು ಒದಗಿಸಿಯಾರು? ಒಂದು ಉದ್ದೇಶಕ್ಕೆ ನಂಬಿ ಒಪ್ಪಿಸಿದ ಗಂಟನ್ನು ಬೇರೊಂದಕ್ಕೆ ಬಿಚ್ಚುವುದು ನ್ಯಾಸಾಪಹಾರ. ಒತ್ತೆಯಿಟ್ಟ ಆಭರಣದ ವಿಷಯದಲ್ಲಿ ಇದನ್ನು ಕನಸಿನಲ್ಲಿಯೂ ಮಾಡದ ಮನೆತನಗಳು ಸಂಖ್ಯೆಗಳ ವಿಷಯದಲ್ಲಿ ಇಷ್ಟು ಉದಾಸೀನವಾಗಿರುವುದು ನನಗೆ ಅರ್ಥವಾಗದ ಸಂಗತಿ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿದೆ. ಕಾಯಿದೆ ಬಂದಮೇಲೆ ಎಚ್ಚೆತ್ತುಕೊಳ್ಳಬೇಕಾದ ಸ್ಥಿತಿ ಅಣುವ್ರತಿಗಳಿಗೆ ಬರಬಾರದಿತ್ತು.

ಈಗ ಮೊದಲಿನ ಮಾತಿಗೆ ಮರಳುತ್ತೇನೆ. ಹಣ ಕೊಟ್ಟರೆ ಮಾನ ಉಳಿಯುವುದೇ? ಅಮೆರಿಕದಲ್ಲಿ ಮೊದಲ ನೂರು ಜನ ಕೊಟ್ಟ ಹಣವೇ ಮುಂದಿನ ಸಾವಿರ ಪತ್ರಗಳ ಅಂಚೆ ವೆಚ್ಚವಾಯಿತು. ನಮ್ಮಲ್ಲಿ ಪೊಲೀಸರ ವೇಷ ಧರಿಸಿ ವಿಡಿಯೋ ಕರೆಯಲ್ಲಿ "ಡಿಜಿಟಲ್ ಅರೆಸ್ಟ್" ಎಂದು ವೃದ್ಧರನ್ನು ಕೋಣೆಯಲ್ಲಿ ಕೂಡಿಹಾಕುವವರ ಬಗ್ಗೆ ಪ್ರಧಾನಮಂತ್ರಿಗಳೇ 2024ರ ಅಕ್ಟೋಬರಿನಲ್ಲಿ ಆಕಾಶವಾಣಿಯಲ್ಲಿ ಎಚ್ಚರಿಸಿದರು. ಕಾಯಿದೆಯಲ್ಲಿ ಅಂಥ ಬಂಧನವೇ ಇಲ್ಲ. ಅಲ್ಲಿಯೂ ಬಂಡವಾಳ ಅದೇ, ಮರ್ಯಾದಸ್ಥರ ಭಯ. ಗುಟ್ಟಾಗಿ ಕೊಟ್ಟು ಗುಟ್ಟಾಗಿ ಸುಮ್ಮನಾಗುವವನು ತನ್ನ ನೆರೆಯವನನ್ನು ಅದೇ ಬಲೆಗೆ ಒಪ್ಪಿಸುತ್ತಾನೆ. ಅನುಮೋದನೆಯೂ ಪ್ರೇರಣೆಯೇ ಎಂಬ ಪೂಜ್ಯಪಾದರ ವಿವರಣೆಯನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಇದು ಕಟುವಾದ ಮಾತು. ಹೆದರಿ ಕೊಟ್ಟವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸುತ್ತಿಲ್ಲ. ಕೊಟ್ಟದ್ದೇ ವಿವೇಕವೆಂದು ಸಭೆಯಲ್ಲಿ ಸಾಧಿಸುವವರಿಗೆ ಹೇಳುತ್ತಿದ್ದೇನೆ.

ನಾವು ನಿರುಪಾಯರೂ ಅಲ್ಲ. ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕುವವನ ಮೇಲೆಯೇ ದಾವೆ ಹೂಡಿ, ತಡೆಯಾಜ್ಞೆಯನ್ನೂ ನಷ್ಟ ಪರಿಹಾರವನ್ನೂ ಪಡೆಯಲು ನಮ್ಮ 1957ರ ಕಾಯಿದೆಯ 60ನೆಯ ಕಲಮು ಅವಕಾಶ ಕೊಡುತ್ತದೆ. ನಾನು ಮಾತನಾಡಿಸಿದ ಟ್ರಸ್ಟಿಗಳಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ. 2013ರ ನಿಯಮಗಳಲ್ಲಿ, ವ್ಯಾಪ್ತಿ ಕಿರಿದಾದರೂ, ನ್ಯಾಯವಾದ ಒಂದು ಏರ್ಪಾಡಿದೆ: ದೂರು ಕೊಟ್ಟವನು 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತಾರದಿದ್ದರೆ ತಡೆಹಿಡಿದುದನ್ನು ಮತ್ತೆ ತೆರೆಯಬಹುದು. ನೋಟೀಸು ನಿಜವಾಗಿದ್ದರೆ ಅದರಲ್ಲಿ ಕೃತಿ ಯಾವುದು, ಸ್ವಾಮ್ಯದ ಆಧಾರವೇನು, ಕಳಿಸಿದವರ ವಿಳಾಸವೇನು ಎಂಬುದಿರಬೇಕು, ಕೇಳಿದರೆ ಕೊಡಬೇಕು. ತಪ್ಪು ನಮ್ಮದೆಂದು ತಿಳಿದರೆ ಕ್ಷಮೆ ಕೇಳಿ ನ್ಯಾಯವಾದುದನ್ನು ರಸೀತಿ ಪಡೆದು ಕೊಡೋಣ. ಪತ್ರದಲ್ಲಿರುವ ಕೊಂಡಿಯನ್ನು ಒತ್ತಿ ಗುಪ್ತಪದ ಬರೆಯಿರಿ, ಇಂದೇ ಹಣ ಕಳುಹಿಸಿ, ಯಾರಿಗೂ ಹೇಳಬೇಡಿ ಎಂದಿದ್ದರೆ ಅದು ವಂಚನೆ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಬ್ಯಾಂಕಿನಲ್ಲಿ ಹಣವನ್ನು ತಡೆಹಿಡಿಯುವ ಸಾಧ್ಯತೆ ಉಂಟು.

ನಾನು ಹೇಳಿದ ಆ ಬಸದಿಯವರು ಕರೆ ಮಾಡಲಿಲ್ಲ. ಅವರ ಲೆಕ್ಕಪತ್ರದಲ್ಲಿ ಆ 18,000 ರೂಪಾಯಿ "ಇತರೆ ಖರ್ಚು" ಎಂಬ ಶೀರ್ಷಿಕೆಯಡಿ ನಮೂದಾಗಿದೆ. ಅದನ್ನು "ವಂಚನೆಯಿಂದ ನಷ್ಟ" ಎಂದು ತಿದ್ದಬೇಕು, ವಾರ್ಷಿಕ ಸಭೆಯಲ್ಲಿ ಸಮಾಜದ ಮುಂದೆ ಓದಬೇಕು, ಪೊಲೀಸರಿಗೆ ಈಗಲಾದರೂ ದೂರು ಕೊಡಬೇಕು ಎಂದು ಎರಡು ತಿಂಗಳ ಹಿಂದೆ ಲಿಖಿತವಾಗಿ ಕೇಳಿಕೊಂಡೆ. ಉತ್ತರ ಇನ್ನೂ ಬಂದಿಲ್ಲ.