ಸೀರಿಯಲ್‌ನ ಗೇಮ್ ಬೇರೆ, ನಮ್ಮ ಕಟ್ಟೆಯ ಗೇಮ್ ಬೇರೆ

ಟೀವಿಯ ಕ್ರೈಂ ಸೀರಿಯಲ್‌ಗಳಲ್ಲಿ ಗೇಮ್ ಆಡುವ ಹುಡುಗನಿಗೆ ಒಂದೇ ಅಚ್ಚು. ಕತ್ತಲ ಕೋಣೆ, ಕೆಂಪು ಕಣ್ಣು, ತನ್ನಷ್ಟಕ್ಕೇ ನಗು. ಕೊನೆಗೆ ಕೊಲೆಗಾರ ಅವನೇ. ಅಮೆರಿಕದವರೂ ಕಡಿಮೆಯಿಲ್ಲ. 2005ರಲ್ಲೇ 'ಸಿಎಸ್‌ಐ: ಮಯಾಮಿ'ಯ ಒಂದು ಕಂತಿನಲ್ಲಿ ಹುಡುಗರು ವಿಡಿಯೊ ಗೇಮಿನಂತೆಯೇ ಬ್ಯಾಂಕ್ ದರೋಡೆ ಮಾಡಿದ್ದರು.

ಸೊಲ್ಲಾಪುರ ಜಿಲ್ಲೆಯ ನಂದೇಶ್ವರದಲ್ಲಿ ನಮ್ಮಪ್ಪನ ಅಂಗಡಿ ಕಟ್ಟೆಗೆ ಸಂಜೆ ಬನ್ನಿ. ನಾಲ್ವರು ಹುಡುಗರು, ನಾಲ್ಕು ಮೊಬೈಲು, ಒಂದೇ ತಂಡ. ಪಬ್‌ಜಿಗೆ 2020ರಲ್ಲೇ ನಿಷೇಧ ಬಿತ್ತು, ಈಗ ಆಡುವುದು ಬಿಜಿಎಂಐ. ಬಾಯಲ್ಲಿ ಮಾತ್ರ ಪಬ್‌ಜಿಯೇ. ಕನ್ನಡ, ಮರಾಠಿ ಬೆರೆಸಿ ಕೂಗಾಟ: "ಲೇ, ಎಡಕ್ಕ ಅದಾನ ನೋಡೋ!" ಒಬ್ಬ ಬಿದ್ದರೆ ಇನ್ನೊಬ್ಬ ಓಡಿಹೋಗಿ ಎಬ್ಬಿಸುತ್ತಾನೆ. ನೆಟ್ ಹೋದರೆ ಬೈಗುಳವೆಲ್ಲ ಟವರ್‌ಗೆ. ಈ ಗದ್ದಲ ಯಾವ ಸೀರಿಯಲ್‌ನಲ್ಲೂ ನನಗೆ ಕಂಡಿಲ್ಲ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪಬ್‌ಜಿ ಆಡಿದ್ದಕ್ಕೇ ಪೊಲೀಸರು ಹುಡುಗರನ್ನು ಹಿಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಮಗನೊಬ್ಬ ತಂದೆಯನ್ನು ಕೊಂದಾಗ ತಲೆಬರಹಕ್ಕೇರಿದ್ದೂ ಪಬ್‌ಜಿಯೇ. ಒಂದು ಆ್ಯಪ್‌ನಿಂದಲೇ ಕೊಲೆ ಆಯಿತು ಎಂದರೆ ನಾನು ಒಪ್ಪಲಾರೆ. ಮಷೀನ್ ನಿಂತರೆ ಮೊದಲು ಕಂಡ ಬೋಲ್ಟಿನ ಮೇಲೆ ತಪ್ಪು ಹೊರಿಸಬೇಡಿ ಎಂದು ಡಿಪ್ಲೊಮಾದಲ್ಲೇ ಕಲಿಸುತ್ತಾರೆ.

ನಾನು ಕಂಡಂತೆ ಮನೆ ಮುಳುಗಿಸುವುದು ದುಡ್ಡು ಕಟ್ಟಿ ಆಡುವ ರಮ್ಮಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ಕೂಡ ಇ-ಸ್ಪೋರ್ಟ್ಸ್ ಬೇರೆ, ಹಣದ ಆಟ ಬೇರೆ ಎಂದಿತು. ಸೀರಿಯಲ್‌ನವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಅದನ್ನು ನೋಡಿದ ತಾಯಂದಿರು ಕಟ್ಟೆಗೆ ಬಂದು ಮಕ್ಕಳ ಮೊಬೈಲ್ ಕಿತ್ತುಕೊಳ್ಳುತ್ತಾರೆ. ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಮೊಬೈಲ್‌ನಲ್ಲಿ ಇಸ್ಪೀಟು ಎಳೆಯುವ ಗಂಡನನ್ನು ಕೇಳುವವರಿಲ್ಲ.