ಗಾಳ ಎಣಿಸುವವರು ಬಲೆಯ ಕಣ್ಣನ್ನೂ ಅಳೆಯಲಿ

ಒಂದು ದಾರಕ್ಕೆ ಎಷ್ಟು ಗಾಳ ಕಟ್ಟಬಹುದು? ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಲ್ಲಿ, ತುಂಗಭದ್ರೆಯ ದಂಡೆಯ ಹುಡುಗರಿಗೆ ಇದು ಪ್ರಶ್ನೆಯೇ ಅಲ್ಲ; ಎರೆಹುಳು ಎಷ್ಟಿದೆಯೋ ಅಷ್ಟು. ಅಮೆರಿಕದಲ್ಲಿ ಮಾತ್ರ ಇದೇ ಪ್ರಶ್ನೆ ದೊಡ್ಡ ರಗಳೆ ಎಬ್ಬಿಸಿತು. 2011ರ ಅಕ್ಟೋಬರ್‌ನಲ್ಲಿ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಸರೋವರದಲ್ಲಿ ಬಾಸ್ ಮೀನು ಹಿಡಿಯುವ ಪಂದ್ಯ ನಡೆಯಿತು. ಗೆದ್ದವರು ಪಾಲ್ ಎಲಿಯಾಸ್ ಎಂಬ ಹಳೆಯ ಹುಲಿ. ಅವರ ದಾರದ ತುದಿಗೆ ಕೊಡೆಯ ಕಡ್ಡಿಗಳಂತೆ ಹರಡಿದ ಐದು ತಂತಿ, ಒಂದೊಂದು ತಂತಿಗೂ ಒಂದೊಂದು ರಬ್ಬರ್ ಮೀನು. ನೀರಿನಲ್ಲಿ ಎಳೆದರೆ ಮರಿಮೀನುಗಳ ಹಿಂಡೇ ಹೊರಟಂತೆ ಕಾಣುವ ಈ ಸಲಕರಣೆಗೆ ಅಲಬಾಮಾ ರಿಗ್ ಎಂದು ಹೆಸರಾಯಿತು. ಕೆಲವೇ ತಿಂಗಳಲ್ಲಿ ಬಾಸ್‌ಮಾಸ್ಟರ್ ಪಂದ್ಯಗಳ ಸಂಸ್ಥೆ ತನ್ನ ಮೇಲ್ಮಟ್ಟದ ಪಂದ್ಯಗಳಿಂದ ಅದನ್ನು ಹೊರಗಿಟ್ಟಿತು. ಗೆಲ್ಲಬೇಕಾದ್ದು ಕೈಚಳಕ, ಸಲಕರಣೆಯಲ್ಲ ಎಂಬುದು ಒಂದು ಕಡೆಯವರ ವಾದ. ಎಲ್ಲರೂ ಕೊಳ್ಳಬಹುದಾದ ವಸ್ತುವಿನಲ್ಲಿ ಅನ್ಯಾಯವೇನು ಬಂತು ಎಂಬುದು ಇನ್ನೊಂದು ಕಡೆಯವರದು.

ಆಟದ ಮಟ್ಟಿಗೆ ನಾನು ನಿಷೇಧದ ಪರ. ಆಟವೆಂದರೆ ನಮ್ಮ ಕೈಯನ್ನು ನಾವೇ ಕಟ್ಟಿಕೊಳ್ಳುವುದು. ಕುಂಟೆಬಿಲ್ಲೆಯಲ್ಲಿ ಎರಡೂ ಕಾಲು ಊರಿದರೆ ಅದು ಬರೀ ನಡಿಗೆ. ಆದರೆ ಗಾಳ ಎಣಿಸುವ ಈ ನೀತಿಯನ್ನೇ ನಮ್ಮ ಹೊಳೆಗೂ ತನ್ನಿ ಎಂದು ರಜಾದಿನದ ಹವ್ಯಾಸಿಗಳು ಹೇಳುವಾಗ ನನಗೆ ದಿಗಿಲಾಗುತ್ತದೆ. ತುಂಗಭದ್ರೆಯ ದಡದಲ್ಲಿ ಒಂದು ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ, ರಾತ್ರಿ ನೀರಿಗೆ ಬಿಟ್ಟು, ನಸುಕಿನಲ್ಲಿ ತೆಪ್ಪದಲ್ಲಿ ಹೋಗಿ ಎತ್ತುವವನು ಆಟಗಾರನಲ್ಲ. ಸಿಕ್ಕ ಬಾಳೆಮೀನು, ಕೊರಮೀನು ಮಾರಿ ಅಕ್ಕಿ ತರುವ ಬೆಸ್ತರವನು. ಗಾಳದ ಲೆಕ್ಕ ಹಿಡಿದು ಕಾನೂನು ಬರೆದರೆ ಮೊದಲು ಸಿಕ್ಕಿಬೀಳುವವನು ಅವನೇ, ಯಾಕೆಂದರೆ ಹಗಲಿನಲ್ಲಿ ಅವನೊಬ್ಬನೇ ಎಲ್ಲರ ಕಣ್ಣಿಗೆ ಬೀಳುವುದು.

ನಿಜವಾದ ಅಲಬಾಮಾ ರಿಗ್ ನಮ್ಮಲ್ಲಿ ಬೇರೆಯೇ ಇದೆ. ತುಂಗಭದ್ರಾ ಜಲಾಶಯದ ಮೀನುಗಾರಿಕೆ ಬಗ್ಗೆ ಬರೆದವರೆಲ್ಲ ಹೆಸರಿಸುವ ಅಲಿವಿ ಬಲೆ ಅದು. ನೂರಾರು ಮೀಟರ್ ಉದ್ದ. ನೀರನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಹತ್ತಾರು ಜನ ಎರಡೂ ತುದಿ ಹಿಡಿದು ದಡಕ್ಕೆ ಎಳೆಯುತ್ತಾರೆ. ಅದರ ಕಣ್ಣು ಎಷ್ಟು ಸಣ್ಣದೆಂದರೆ ಬೆರಳುದ್ದದ ಮೀನೂ ನುಸುಳಲಾರದು. ಒಣಗಿಸಿ ಮಾರುವ ಪುಡಿಮೀನಿಗೆಂದೇ ಎಳೆಯುವುದು ಎಂಬ ಸಮಜಾಯಿಷಿ ಇದೆ. ಆದರೆ ಪುಡಿಮೀನಿನ ಜೊತೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳೂ ಬರುತ್ತವೆ. ಬಿತ್ತನೆಯೆಂದು ಸರ್ಕಾರಿ ದುಡ್ಡಿನಲ್ಲಿ ನೀರಿಗೆ ಬಿಡುವ ಮರಿಗಳೂ ಇದೇ ಜಾತಿಯವು. ಒಂದು ಕೈ ಬಿತ್ತುತ್ತದೆ, ಇನ್ನೊಂದು ಕೈ ಮೊಳಕೆ ಕೀಳುತ್ತದೆ.

ಇದಕ್ಕಿಂತ ಹೇಸಿಗೆಯದು ತೋಟೆ. ನೀರೊಳಗೆ ಸಿಡಿಮದ್ದು ಸಿಡಿದರೆ ಮೀನಿನ ಒಡಲಿನ ಗಾಳಿಚೀಲ ಒಡೆಯುತ್ತದೆ. ಸತ್ತವುಗಳಲ್ಲಿ ಎಷ್ಟೋ ತೇಲುವುದೂ ಇಲ್ಲ, ತಳ ಸೇರುತ್ತವೆ, ಕೊಂದವನಿಗೂ ದಕ್ಕುವುದಿಲ್ಲ. ಬ್ರಿಟಿಷರ 1897ರ ಮೀನುಗಾರಿಕೆ ಕಾಯ್ದೆ ಇದಕ್ಕೆ ಎರಡು ತಿಂಗಳವರೆಗೆ ಸೆರೆ, ಇಲ್ಲವೇ 200 ರೂಪಾಯಿವರೆಗೆ ದಂಡ ಎಂದಿತ್ತು. ವಿಷ ಹಾಕುವುದನ್ನೂ ನಿಷೇಧಿಸಿ, ಬಲೆಯ ಅಳತೆ, ಬಗೆ ಗೊತ್ತುಮಾಡುವ ಅಧಿಕಾರವನ್ನೂ ಸರ್ಕಾರಗಳಿಗೆ ಕೊಟ್ಟಿತ್ತು. ಒಳನಾಡು ಮೀನುಗಾರಿಕೆಗೆ ಕರ್ನಾಟಕದ್ದೇ ಆದ 1996ರ ಕಾಯ್ದೆಯೂ ಬಂತು. ಅಂದಮೇಲೆ ಕಾಗದದ ಮೇಲೆ ನಮಗೆ ಬರವಿಲ್ಲ. ಕೆಂಚನಗುಡ್ಡದ ದಡದಲ್ಲಿ ನಿಂತರೆ ಬರ ಎಲ್ಲಿದೆ ಎಂದು ಗೊತ್ತಾಗುತ್ತದೆ. ಈ ದಂಡೆ ಬಳ್ಳಾರಿ ಜಿಲ್ಲೆ, ಆ ದಂಡೆ ರಾಯಚೂರು. ಇಲ್ಲಿ ಬೆನ್ನಟ್ಟಿಸಿಕೊಂಡವನು ತೆಪ್ಪ ಹತ್ತಿದರೆ ಹತ್ತು ನಿಮಿಷದಲ್ಲಿ ಇನ್ನೊಬ್ಬ ಅಧಿಕಾರಿಯ ತಲೆನೋವು.

2015ರಲ್ಲಿ ಸರ್ಕಾರ ಅಣೆಕಟ್ಟಿನ ಬಳಿಯಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಕಂಪ್ಲಿ ದಾಟಿದ ಮೇಲೆ ಹೊಳೆಯೇನು ಬೇರೆಯಾಯಿತೆ? ಕೆಳಗಿರುವ ಸಿರುಗುಪ್ಪ ತಾಲ್ಲೂಕಿನ ಹೊಳೆಗೆ ಆ ಕಾವಲಿಲ್ಲ. ಮೇಲೆ ಕಾವಲು ಬಿಗಿಯಾದಷ್ಟೂ ಕೆಟ್ಟ ಕಸುಬು ಕೆಳಗೆ ಸರಿಯುತ್ತದೆ ಎಂಬುದನ್ನು ಊಹಿಸಲು ಪಂಡಿತರು ಬೇಕಿಲ್ಲ.

ಕರಾವಳಿಯವರು ಈ ಜಗಳವನ್ನು ನಮಗಿಂತ ಮೊದಲೇ ಆಡಿದ್ದಾರೆ. ಜನರೇಟರ್ ಹೊತ್ತು ಸಮುದ್ರಕ್ಕೆ ಎಲ್‌ಇಡಿ ಬೆಳಕು ಚೆಲ್ಲಿ ಮೀನಿನ ಹಿಂಡನ್ನೇ ಬಾಚುವ ದೋಣಿಗಳ ಎದುರು ನಾಡದೋಣಿಯವರು ಬೀದಿಗಿಳಿದರು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೆಳಕಿನ ಮೀನುಗಾರಿಕೆ, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಎರಡನ್ನೂ ನಿಷೇಧಿಸಿತು. ಕದ್ದುಮುಚ್ಚಿ ನಡೆಯುತ್ತಿದೆ ಎಂಬ ದೂರು ಇಂದಿಗೂ ನಿಂತಿಲ್ಲ, ನಿಜ. ಆದರೂ ಅಲ್ಲಿ ಪ್ರಶ್ನೆ ಸರಿಯಾದ ಕಡೆಯಿಂದ, ದೊಡ್ಡ ಸಲಕರಣೆಯಿಂದ ಶುರುವಾಯಿತು. ಒಳನಾಡಿನ ಬೆಸ್ತರಿಗೆ ಬಂದರಿಲ್ಲ, ಬಂದರು ಮುಚ್ಚಿ ಮುಷ್ಕರ ಹೂಡುವ ಬಲವೂ ಇಲ್ಲ. ಅವರ ಕೂಗು ಬೆಂಗಳೂರಿಗೆ ಮುಟ್ಟುವುದಿಲ್ಲ.

ಹವ್ಯಾಸಿಗಳ ಮೇಲೆ ನನಗೆ ಹಗೆಯಿಲ್ಲ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ರಾಗಿಹಿಟ್ಟಿನ ಉಂಡೆ ಸಿಕ್ಕಿಸಿದ ಒಂಟಿ ಗಾಳಕ್ಕೆ ಬಿಳಿಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದವರು ಅವರೇ. ವನ್ಯಜೀವಿಧಾಮದೊಳಗೆ ಗಾಳವೂ ಬೇಟೆಯೇ ಎಂಬ ವಾದ ಗೆದ್ದು ಆ ಆಟ ನಿಂತಿತು. 2018ರಲ್ಲಿ ಆ ಗೂನುಬೆನ್ನಿನ ಬಿಳಿಮೀನು ಜಗತ್ತಿನ ತೀರಾ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು. ಗಾಳದವರು ಹೋದ ಮೇಲೆ ಹೊಳೆ ಕಾಯುವ ಕಣ್ಣುಗಳು ಕಡಿಮೆಯಾದವು ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಬೇಕಿದ್ದರೆ ಅವರು ತುಂಗಭದ್ರೆಗೂ ಬರಲಿ. ಬೆಸ್ತರ ಪಕ್ಕದಲ್ಲಿ ಕೂತು ತೋಟೆಯವನ ಮೇಲೆ ದೂರು ಬರೆಯಲಿ. ಬೆಸ್ತನ ಹಗ್ಗದ ಗಾಳ ಎಣಿಸುವುದು ಬೇಡ.

ಸಣ್ಣ ಕಣ್ಣಿನ ಬಲೆಯನ್ನು ಹೊಳೆಯಲ್ಲಿ ಹುಡುಕಿ ಹಿಡಿಯುವುದು ಕಷ್ಟ ಎಂದು ಇಲಾಖೆಯವರು ಹೇಳುತ್ತಾರೆ, ಸರಿ. ಕತ್ತಲು, ಬಂಡೆ, ಸೆಳವು, ಸಿಬ್ಬಂದಿಯ ಕೊರತೆ, ಎಲ್ಲ ಒಪ್ಪೋಣ. ಆದರೆ ಸೊಳ್ಳೆಪರದೆಯಂಥ ಬಲೆ ಹೊಳೆಯಲ್ಲಿ ಹುಟ್ಟುವುದಿಲ್ಲ. ಅದನ್ನು ನೇಯುವ ಕಾರ್ಖಾನೆಯಿದೆ, ಮಾರುವ ಅಂಗಡಿಯಿದೆ, ಅಂಗಡಿಗೆ ಬಾಗಿಲೂ ಬೋರ್ಡೂ ಇವೆ. ಹಗಲು ಹೊತ್ತಿನಲ್ಲಿ ಒಂದು ಅಳತೆಕೋಲು ಹಿಡಿದು ಅಲ್ಲಿಗೆ ಹೋಗಲು ತೆಪ್ಪವೂ ಬೇಕಿಲ್ಲ.